ನೀರು ಹರಸುವ ದೇವದೂತೆ

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಕಾರಂಜಿಯ ಮೇಲೆ ರೆಕ್ಕೆ ಬಿಚ್ಚಿದ ಕಂಚಿನ ದೇವದೂತೆ ನಿಂತಿದ್ದಾಳೆ. ಎಮ್ಮಾ ಸ್ಟೆಬಿನ್ಸ್ ಎಂಬ ಮಹಿಳೆ ರೂಪಿಸಿದ ಈ ಪ್ರತಿಮೆ 1873ರಲ್ಲಿ ಅನಾವರಣಗೊಂಡಿತು.

ಇದರ ಮೂಲ ಬೈಬಲಿನ ಬೆಥೆಸ್ದಾ ಕೊಳದ ಕಥೆ. ದೇವದೂತನು ನೀರು ಕಲಕಿದೊಡನೆ ಮೊದಲು ಇಳಿದವನ ರೋಗ ವಾಸಿಯಾಗುತ್ತಿತ್ತಂತೆ. 38 ವರ್ಷ ನರಳಿದ ರೋಗಿಯೊಬ್ಬನಿಗೆ ಮೊದಲಿಗನಾಗಲು ಆಗಲೇ ಇಲ್ಲ.

ನ್ಯೂಯಾರ್ಕಿಗೆ ಈ ಕಥೆ ಏಕೆ ಬೇಕಾಯಿತು? 1832ರಲ್ಲಿ ಅಲ್ಲಿ ಕಾಲರಾಕ್ಕೆ ಸಾವಿರಾರು ಜನ ಬಲಿಯಾದರು. ಊರ ಬಾವಿಗಳ ನೀರು ಕೆಟ್ಟಿತ್ತು. 1842ರಲ್ಲಿ ಕ್ರೋಟನ್ ನದಿಯ ನೀರು ಸುಮಾರು 40 ಮೈಲಿ ದೂರದಿಂದ ಇಳಿಜಾರಿನಲ್ಲೇ ಹರಿದು ಬಂದಿತು. ಅದರ ನೆನಪಿಗೆ ಈ ಪ್ರತಿಮೆ. ಅವಳ ಕೈಯ ಲಿಲ್ಲಿ ಹೂವು ಶುದ್ಧತೆಯ ಗುರುತು.

ಕೊಳದ ಗುಣ ಮೊದಲಿಗನಿಗೆ ಮಾತ್ರ. ನಲ್ಲಿಯ ಶುದ್ಧ ನೀರು ಸಾಲಿನ ಕೊನೆಯ ಕೊಡಕ್ಕೂ ಸಿಕ್ಕರೇ ಊರಿಗೆ ಆರೋಗ್ಯ, ಅಲ್ಲವೇ?