ಅಡಿಕೆ ಧೂಳು, ಉಬ್ಬಸ ಮತ್ತು ಶ್ವಾಸಕೋಶದ ಸೋಂಕು



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ನಮ್ಮ ವಾಮದಪದವಿನ ಆಸುಪಾಸಿನಲ್ಲಿ ಚಾಲಿ ಸುಲಿಯುವ ದಿನಗಳು ಬಂದುವೆಂದರೆ ಕೆಲವು ಮನೆಗಳಲ್ಲಿ ರಾತ್ರಿಯ ನಿದ್ದೆ ಕೆಡುತ್ತದೆ. ಹಗಲು ಸುಲಿದವರಿಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು. "ಧೂಳಿನ ದಮ್ಮು, ಎರಡು ದಿನದಲ್ಲಿ ಹೋದೀತು" ಎಂದು ಸುಮ್ಮನಾಗುತ್ತೇವೆ. ಆದರೆ ಅಲರ್ಜಿಯ ಉಬ್ಬಸವು ಉಸಿರಾಟದ ತೊಂದರೆ ಮಾತ್ರವಲ್ಲ. ಸೋಂಕನ್ನು ಹತೋಟಿಯಲ್ಲಿಡುವ ಶ್ವಾಸಕೋಶದ ಶಕ್ತಿಗೂ ಅದು ಧಕ್ಕೆ ತರುತ್ತದೆ.

ಧೂಳಿನಲ್ಲಿ ಏನಿದೆ?

ಅಂಗಳದಲ್ಲಿ ಅಡಿಕೆ ಒಣಗಲು 35ರಿಂದ 45 ದಿನಗಳ ಬಿಸಿಲು ಬೇಕು. ನಡುವೆ ಮಳೆ, ಮೋಡ ಬಂದರೆ ಸಿಪ್ಪೆಗೆ ಬೂಸ್ಟು ಹಿಡಿಯುತ್ತದೆ. ಸುಲಿಯುವಾಗ ಏಳುವ ಧೂಳಿನಲ್ಲಿ ಆ ಬೂಸ್ಟಿನ ಬೀಜಾಣುಗಳೂ ಇರುತ್ತವೆ. ಇವುಗಳಲ್ಲಿ ಆಸ್ಪರ್ಜಿಲ್ಲಸ್ ಎಂಬುದು ಮುಖ್ಯವಾದುದು. ಅದರ ಬೀಜಾಣು ಎಷ್ಟು ಸಣ್ಣದೆಂದರೆ ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಹಟ್ಟಿಗೊಬ್ಬರ, ಬೈಹುಲ್ಲು, ಕೊಳೆತ ತರಗೆಲೆಗಳಲ್ಲಿಯೂ ಅದು ಬೆಳೆಯುತ್ತದೆ. ಹುರಿಯದ ಕಾಫಿ ಬೀಜದ ಧೂಳೂ ಕೆಲವರಿಗೆ ಒಗ್ಗುವುದಿಲ್ಲ.

ಕಾವಲು ತಪ್ಪುವ ಬಗೆ

ಆರೋಗ್ಯವಂತರ ಶ್ವಾಸಕೋಶದಲ್ಲಿ ಬಿಳಿ ರಕ್ತಕಣಗಳು ಈ ಬೀಜಾಣುಗಳನ್ನು ಸದ್ದಿಲ್ಲದೆ ನುಂಗಿಬಿಡುತ್ತವೆ. ಅಲರ್ಜಿ ಇರುವವರಲ್ಲಿ ಹಾಗಲ್ಲ. ನೆಂಟರಿಗೆ ರಾತ್ರಿಯಿಡೀ ಬೊಗಳಿ ದಣಿದ ನಾಯಿ, ಕಾಡುಹಂದಿ ತೋಟಕ್ಕೆ ನುಗ್ಗಿದಾಗ ಏಳದಿದ್ದರೆ ಹೇಗೋ ಹಾಗೆ. ಧೂಳಿನ ಮೇಲೆ ಯುದ್ಧ ಸಾರಿದ ದೇಹವು ಶ್ವಾಸನಾಳವನ್ನು ಊದಿಸಿ, ಅಂಟು ಕಫ ತುಂಬಿಸುತ್ತದೆ. ಕಫ ಕಟ್ಟಿದಲ್ಲಿ ರೋಗಾಣುಗಳಿಗೆ ನೆಲೆ ಸಿಗುತ್ತದೆ.

2005ರಲ್ಲಿ ಇಂಗ್ಲೆಂಡಿನ ಸಂಶೋಧಕರು ಆಸ್ತಮಾ ಇರುವವರ ಶ್ವಾಸನಾಳದ ಜೀವಕೋಶಗಳಿಗೆ ನೆಗಡಿಯ ವೈರಸ್ಸನ್ನು ಸೋಂಕಿಸಿ ನೋಡಿದರು. ವೈರಸ್ಸನ್ನು ತಡೆಯುವ ಇಂಟರ್‌ಫೆರಾನ್ ಎಂಬ ವಸ್ತು ಆ ಜೀವಕೋಶಗಳಲ್ಲಿ ಕಡಿಮೆ ತಯಾರಾಯಿತು, ವೈರಸ್ ಹೆಚ್ಚು ಬೆಳೆಯಿತು. ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ತೀವ್ರ ಕಾಯಿಲೆ ಬೀಳುವ ಸಂಭವ ಆಸ್ತಮಾದವರಿಗೆ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು. ಎಲ್ಲ ಸೋಂಕುಗಳ ಮಾತೂ ಹೀಗೆಯೇ ಎಂದಲ್ಲ. 2020ರ ಕೊರೋನಾದಲ್ಲಿ, ಹತೋಟಿಯಲ್ಲಿದ್ದ ಆಸ್ತಮಾದವರಿಗೆ ಭಯಪಟ್ಟಷ್ಟು ಹಾನಿಯಾಗಲಿಲ್ಲ. ಹತೋಟಿ ಎಂಬುದೇ ಇಲ್ಲಿ ಮುಖ್ಯ.

ಕ್ಷಯವೆಂಬ ತಪ್ಪು ತಿಳುವಳಿಕೆ

ಕೆಲವು ಉಬ್ಬಸದವರ ಕಫದಲ್ಲಿ ಆಸ್ಪರ್ಜಿಲ್ಲಸ್ ಬೇರುಬಿಟ್ಟು ಬೆಳೆಯುತ್ತದೆ. ಕೆಮ್ಮಿದಾಗ ಕಂದು ಬಣ್ಣದ ಗಟ್ಟಿ ಕಫದ ತುಣುಕು ಬೀಳುವುದು, ಜ್ವರ, ಎಕ್ಸ್‌ರೇಯಲ್ಲಿ ಕಲೆ ಇದರ ಲಕ್ಷಣಗಳು. ನಮ್ಮ ದೇಶದಲ್ಲಿ ಇದನ್ನು ಕ್ಷಯವೆಂದೇ ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುವುದುಂಟು. ಅಷ್ಟರಲ್ಲಿ ಶ್ವಾಸನಾಳಕ್ಕೆ ಸರಿಪಡಿಸಲಾಗದ ಹಾನಿಯಾಗಬಹುದು. ಹಾಗೆಂದು ನಿಜವಾದ ಕ್ಷಯವನ್ನು "ಬರೇ ದಮ್ಮು" ಎಂದು ಅಲಕ್ಷಿಸುವುದೂ ಅಪಾಯವೇ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರಕಾರಿ ವ್ಯವಸ್ಥೆಯಲ್ಲಿ ಇದು ಉಚಿತ. ವಾಮದಪದವಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಉಬ್ಬಸ ಮೊದಲಿನಿಂದಲೂ ಇದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ನಾವು ಮಾಡಬೇಕಾದುದು

1. ಬೂಸ್ಟು ಹಿಡಿದ ಅಡಿಕೆಯನ್ನು ಬೇರ್ಪಡಿಸಿ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಸುಲಿಯಿರಿ. ಉಬ್ಬಸ ಇರುವವರು ಈ ಕೆಲಸದಿಂದ ದೂರವಿರುವುದೇ ಲೇಸು.

2. ಮುಖಕ್ಕೆ ಬೈರಾಸು ಸುತ್ತಿದರೆ ಬೀಜಾಣು ನಿಲ್ಲದು. ಎನ್-95 ಮಾಸ್ಕ್ ಕಟ್ಟಿಕೊಳ್ಳಿರಿ.

3. ವೈದ್ಯರು ಹೇಳಿದ ಇನ್‌ಹೇಲರನ್ನು ದಮ್ಮು ಇಲ್ಲದ ದಿನವೂ ಬಿಡದೆ ಸೇದಿ, ಬಳಿಕ ಬಾಯಿ ಮುಕ್ಕಳಿಸಿರಿ. ಅದು ಚಟವಾಗುವುದಿಲ್ಲ. ಅಂಗಡಿಯಿಂದ ತಾವಾಗಿಯೇ ಸ್ಟೀರಾಯ್ಡ್ ಮಾತ್ರೆ ತಂದು ಪದೇಪದೇ ನುಂಗುವುದೇ ಅಪಾಯ. ಅದು ರೋಗನಿರೋಧ ಶಕ್ತಿಯನ್ನು ಕುಗ್ಗಿಸುತ್ತದೆ.

4. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿರಿ.

5. ಮಾತಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಕೊಳೆರೋಗ ಬಂದ ಮೇಲೆ ಮದ್ದು ಬಿಟ್ಟು ಪ್ರಯೋಜನವಿಲ್ಲವೆಂದು ನಾವೆಲ್ಲ ಬಲ್ಲೆವು. ಅದಕ್ಕಾಗಿಯೇ ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಅಡಿಕೆ ಗೊನೆಗೆ ತೋರಿಸುವ ಈ ಮುಂಜಾಗ್ರತೆಯನ್ನು ನಮ್ಮ ಎದೆಗೂ, ನಮ್ಮ ಅಂಗಳದಲ್ಲಿ ಸುಲಿಯಲು ಕೂರುವವರ ಎದೆಗೂ ತೋರಿಸೋಣ.