ಮಾತು ತಡವಾದ ಮಗು ಶಾಲೆಗೆ ಹೊರಟಾಗ



ಜೂನ್ ಹತ್ತಿರವಾದಂತೆ ಮನೆಗಳಲ್ಲಿ ಹೊಸ ಚೀಲ, ಹೊಸ ಸಮವಸ್ತ್ರಗಳ ಸಂಭ್ರಮ. ಆದರೆ ಮಾತು ಸರಿಯಾಗಿ ಬಾರದ ಮಗುವಿರುವ ಮನೆಯಲ್ಲಿ ಅದೇ ಜೂನ್ ಅಂಜಿಕೆಯ ತಿಂಗಳು. ‘ಮಿಸ್ ಏನಾದರೂ ಕೇಳಿದರೆ ಹೇಗೆ ಹೇಳುತ್ತಾನೋ’ ಎಂದು ತಾಯಿ ಕೊರಗುತ್ತಾಳೆ.

ಕೆಲವು ವರ್ಷಗಳ ಹಿಂದೆ ಶಾಲೆಯ ಮೊದಲ ದಿನ ಎಲ್‌ಕೆಜಿ ತರಗತಿಗೆ ಹೋಗಿದ್ದೆ. ಒಬ್ಬ ಪುಟ್ಟ ಹುಡುಗನನ್ನು ‘ನಿನ್ನ ಹೆಸರೇನಪ್ಪಾ?’ ಎಂದು ಕೇಳಿದೆ. ಉತ್ತರವಿಲ್ಲ. ಎಲ್ಲರ ಮುಂದೆ ಮತ್ತೆ ಕೇಳಿದೆ. ‘ಜೋರಾಗಿ ಹೇಳು’ ಎಂದು ಮೂರನೆಯ ಸಲವೂ ಕೇಳಿದೆ. ಮಗು ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿತು. ಅವನಿಗೆ ಮಾತಿನ ತೊಂದರೆಯಿದೆ ಎಂದು ತಾಯಿ ಆಮೇಲೆ ತಿಳಿಸಿದರು. ತಪ್ಪು ನನ್ನದು. ಎಬಿಸಿಡಿಗಿಂತ ಮೊದಲು ಮಗುವಿಗೆ ಬೇಕಾದುದು ತನ್ನ ಅಗತ್ಯವನ್ನು ತಿಳಿಸುವ ಒಂದು ದಾರಿ ಎಂಬುದನ್ನು ಅಂದು ಕಲಿತೆ.

‘ಗಂಡುಮಗು, ಮಾತು ತಡ’ ಎಂದು ಅಜ್ಜಿ ಸಮಾಧಾನ ಹೇಳಬಹುದು, ನಾಲಿಗೆಗೆ ಬಜೆ ತೇಯ್ದು ಹಚ್ಚಬಹುದು. ಪ್ರೀತಿಯೇನೋ ನಿಜ, ಆದರೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸದಿದ್ದರೆ, ಮೂರು ವರ್ಷಕ್ಕೆ ಅದರ ಮಾತು ಮನೆಯವರಿಗೂ ಅರ್ಥವಾಗದಿದ್ದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಮಗು ಮಾತು ಕಲಿಯುವುದು ಕಷ್ಟ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ತರಬೇತಿಯೂ ದೊರೆಯುತ್ತವೆ. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲೂ ಈ ವಿಭಾಗವಿದೆ. ದೂರದ ಊರಿನವರು ಅಂಗನವಾಡಿಗೆ ತಪಾಸಣೆಗೆ ಬರುವ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಬಹುದು.

ಇನ್ನೊಂದು ತಪ್ಪು ತಿಳಿವಳಿಕೆ. ಇಂಗ್ಲಿಷ್ ಶಾಲೆಗೆ ಸೇರುತ್ತಾನೆಂದು ಮನೆಯ ಕನ್ನಡವನ್ನೋ ಕೊಂಕಣಿಯನ್ನೋ ತಮಿಳನ್ನೋ ಬಿಟ್ಟು, ನಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಾತನಾಡಿಸುವುದು. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ನಿಮಗೆ ಸಹಜವಾದ ಭಾಷೆಯಲ್ಲೇ ಮಾತನಾಡಿ.

ಶಾಲೆಗೆ ಇನ್ನೆರಡು ತಿಂಗಳಿರುವಾಗಲೇ ಐದು ಮಾತುಗಳನ್ನು ಅಭ್ಯಾಸ ಮಾಡಿಸಿ: ನೀರು, ಒಂದಕ್ಕೆ, ನೋವು, ಬೇಡ, ಸಹಾಯ ಮಾಡಿ. ಬಾಯಲ್ಲಿ ಬಾರದಿದ್ದರೆ ಕೈಸನ್ನೆ ಸಾಕು, ಇಲ್ಲವೇ ಪುಟ್ಟ ಚಿತ್ರಗಳ ಚೀಟಿಯನ್ನು ಚೀಲಕ್ಕೆ ಕಟ್ಟಿ. ಸನ್ನೆಯಿಂದ ಮಗು ಸೋಮಾರಿಯಾಗುವುದಿಲ್ಲ, ಅದು ಮಾತಿಗೆ ಮೆಟ್ಟಿಲಾಗುತ್ತದೆ. ಮಗು ‘ಬಾಲು’ ಎಂದರೆ ‘ಸರಿಯಾಗಿ ಹೇಳು’ ಎನ್ನಬೇಡಿ. ‘ಹೌದು, ಬಾಲು ಬಿತ್ತು’ ಎಂದು ಒಂದು ಪದ ಸೇರಿಸಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ. ಸಂಜೆ ಜಪದ ಹೊತ್ತಿಗೆ ‘ಆಮೆನ್’ ಹೇಳುವ ಕೆಲಸ ಅವನದೇ ಆಗಲಿ. ದಿನವೂ ಬರುವ ಪದ ಬೇಗ ಒಲಿಯುತ್ತದೆ.

ಮುಂಚಿತವಾಗಿ ಶಾಲೆಗೆ ಕರೆದೊಯ್ದು ತರಗತಿ, ಶೌಚಾಲಯ, ನಲ್ಲಿಗಳನ್ನು ತೋರಿಸಿ. ಶಿಕ್ಷಕಿಗೆ ಒಂದು ಚೀಟಿ ಬರೆದುಕೊಡಿ: ಮಗು ಹೇಗೆ ಕೇಳುತ್ತದೆ, ಯಾವ ಸನ್ನೆಗೆ ಏನರ್ಥ, ಅತ್ತರೆ ಏನು ಮಾಡಬೇಕು. ಮುಚ್ಚಿಡಬೇಡಿ. ಆ ತಾಯಿ ಮೊದಲೇ ಹೇಳಲು ನಾಚಿದ್ದರು, ನಾನೂ ಕೇಳಿ ತಿಳಿದುಕೊಂಡಿರಲಿಲ್ಲ. ನಮ್ಮಿಬ್ಬರ ಮೌನದ ಬೆಲೆ ತೆತ್ತದ್ದು ಆ ಮಗು.

ಪ್ರಿಯರೇ, ಮಾತು ತಡವಾದ ಮಗು ದಡ್ಡ ಮಗುವಲ್ಲ. ಅದಕ್ಕೆ ಹೇಳಲು ಬಹಳವಿದೆ. ಕೇಳಿಸಿಕೊಳ್ಳುವ ತಾಳ್ಮೆ ನಮಗಿರಲಿ.