ಆಲೂಗೆಡ್ಡೆಯ ಎಲೆಯೂ ಯಂತ್ರದ ಬುದ್ಧಿಯೂ

ಹಾಸನದ ಸುತ್ತಿನ ಊರುಗಳಲ್ಲಿ ಬೆಳೆದವರಿಗೆ ಆಲೂಗೆಡ್ಡೆಯ ಅಂಗಮಾರಿ ರೋಗವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಂಗಾರಿನ ಗಿಡ ಹುಲುಸಾಗಿ ಬಂದಿರುವಾಗ ಮೋಡ ಮುಸುಕಿ ನಾಲ್ಕು ದಿನ ಜಡಿಮಳೆ ಹಿಡಿಯಿತೆಂದರೆ, ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂಥ ಕಪ್ಪು ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಕೆಲವೇ ದಿನಗಳಲ್ಲಿ ಹೊಲವೆಲ್ಲ ಸುಟ್ಟಂತಾಗುತ್ತದೆ. ಫೈಟಾಫ್ತೊರ ಇನ್‌ಫೆಸ್ಟಾನ್ಸ್ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. 1845ರಲ್ಲಿ ಐರ್ಲೆಂಡಿನಲ್ಲಿ ಆರಂಭವಾದ ಘೋರ ಕ್ಷಾಮಕ್ಕೆ ಮೂಲವಾದುದೂ ಇದೇ. ನಮ್ಮ ಜಿಲ್ಲೆಯ ಎಷ್ಟೋ ರೈತರು ಆಲೂಗೆಡ್ಡೆಯನ್ನು ಬಿಟ್ಟು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದುದಕ್ಕೆ ಈ ರೋಗದ ಭಯವೂ ಒಂದು ಕಾರಣ.

ಅರಕಲಗೂಡಿನ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಒಮ್ಮೆ ಇಂಥ ಎಲೆಯೊಂದನ್ನು ಪುಸ್ತಕದಲ್ಲಿಟ್ಟು ತಂದು, “ಮೊಬೈಲಿನಲ್ಲಿ ಚಿತ್ರ ತೆಗೆದರೆ ಕೃತಕ ಬುದ್ಧಿಮತ್ತೆ ರೋಗವನ್ನು ಹೇಳಿಬಿಡುತ್ತದಂತೆ. ನಮ್ಮ ತಂದೆ ಅದನ್ನು ನಂಬಬಹುದೆ, ಸಾರ್?” ಎಂದು ಕೇಳಿದನು. ಪ್ರಶ್ನೆ ಚಿಕ್ಕದು. ಇದಕ್ಕೆ ಭೌತಶಾಸ್ತ್ರದವರು ಮಾತ್ರ ಉತ್ತರ ಹೇಳಲಾರರೆಂಬುದು ನಮಗೆ ಹೊಳೆಯಲು ತಡವಾಗಲಿಲ್ಲ.

ಮೊದಲು ಯಂತ್ರವು ಮಾಡುವುದೇನೆಂಬುದನ್ನು ನೋಡೋಣ. ಚಿತ್ರವೆಂದರೆ ಗಣಕಕ್ಕೆ ಅಂಕಿಗಳ ಒಂದು ದೊಡ್ಡ ಕೋಷ್ಟಕ. ಒಂದೊಂದು ಚುಕ್ಕೆಯ ಕೆಂಪು, ಹಸಿರು, ನೀಲಿಗಳ ಪ್ರಮಾಣವೇ ಆ ಅಂಕಿಗಳು. ಇವನ್ನು ಬೇರೆ ಬೇರೆ ತೂಕಗಳಿಂದ ಗುಣಿಸಿ, ಕೂಡಿಸಿ, ಪದರ ಪದರವಾಗಿ ಸಾಗಿಸಿದಾಗ ಕೊನೆಗೆ “ಇದು ಅಂಗಮಾರಿ” ಎಂಬುದಕ್ಕೆ ಒಂದು ಅಂಕ ದೊರೆಯುತ್ತದೆ. ಉತ್ತರ ತಪ್ಪಾದಾಗಲೆಲ್ಲ ತೂಕಗಳನ್ನು ಕಿಂಚಿತ್ತು ತಿದ್ದಲಾಗುವುದು. ಸಾವಿರಾರು ಚಿತ್ರಗಳನ್ನು ತೋರಿಸಿ ತಿದ್ದುತ್ತ ಹೋದರೆ ತಪ್ಪುಗಳು ಕಡಿಮೆಯಾಗುತ್ತವೆ. ಇದೇ ಯಂತ್ರದ ‘ಕಲಿಕೆ’. ರೋಗವೆಂದರೇನು, ಮಳೆಯೆಂದರೇನು ಎಂಬುದು ಅದಕ್ಕೆ ತಿಳಿಯದು. ತೋರಿಸಿದ ಚಿತ್ರಗಳಲ್ಲಿ ಯಾವುದು ಯಾವುದರ ಜೊತೆಗೆ ಬಂದಿತೆಂಬುದಷ್ಟೇ ಅದರ ಬಂಡವಾಳ.

ಈ ಮಾತು ಎಷ್ಟು ಮುಖ್ಯವೆಂಬುದಕ್ಕೆ 2016ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದು ಸಾಕ್ಷಿ. ಮೊಹಾಂತಿ, ಹ್ಯೂಸ್ ಮತ್ತು ಸಲಾಥೆ ಎಂಬ ವಿಜ್ಞಾನಿಗಳು 14 ಬೆಳೆಗಳ 54,306 ಎಲೆಗಳ ಚಿತ್ರಗಳನ್ನು ಬಳಸಿ ಯಂತ್ರಕ್ಕೆ 26 ರೋಗಗಳನ್ನು ಕಲಿಸಿದರು. ಆಲೂಗೆಡ್ಡೆಯ ಅಂಗಮಾರಿಯೂ ಅವುಗಳಲ್ಲಿ ಒಂದು. ಅದೇ ಸಂಗ್ರಹದಿಂದ ಪರೀಕ್ಷೆಗೆಂದು ಬೇರೆ ತೆಗೆದಿರಿಸಿದ್ದ ಚಿತ್ರಗಳಲ್ಲಿ ಯಂತ್ರವು ಶೇಕಡಾ 99.35ರಷ್ಟು ಸರಿಯಾಗಿ ಹೇಳಿತು. ಆದರೆ ಬೇರೆ ಸನ್ನಿವೇಶಗಳಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಾಗ ಸರಿಯುತ್ತರಗಳು ಶೇಕಡಾ 31.4ಕ್ಕೆ ಇಳಿದುವು! ಸಂಗ್ರಹದಲ್ಲಿದ್ದವು ಒಂದೊಂದೇ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಗಳು. ಹೊಲದಲ್ಲಿ ಎಲೆಯ ಮೇಲೆ ಕೆಸರಿರುತ್ತದೆ, ನೆರಳಿರುತ್ತದೆ, ಪಕ್ಕದಲ್ಲಿ ಕಳೆಯಿರುತ್ತದೆ. ಈ ದೋಷವನ್ನು ಆ ವಿಜ್ಞಾನಿಗಳೇ ಮುಚ್ಚುಮರೆಯಿಲ್ಲದೆ ಬರೆದಿರುವರು. ಅದು ಅವರ ಪ್ರಾಮಾಣಿಕತೆ. ಆದರೂ ಮೊದಲಿನ ಅಂಕಿ ಊರೂರು ತಿರುಗಿದಷ್ಟು ಎರಡನೆಯದು ತಿರುಗಲಿಲ್ಲ.

ಹಾಗಾದರೆ ಹೊಲದಲ್ಲಿಯೇ ಚಿತ್ರ ತೆಗೆದು ಯಂತ್ರವನ್ನು ಚೆನ್ನಾಗಿ ಪಳಗಿಸಿದರೆ ಸಾಕೆ? ಅದೂ ಸಾಲದು. ಯಂತ್ರವು ರೋಗವಿರುವ ಹೊಲಗಳಲ್ಲಿ ನೂರಕ್ಕೆ 95ನ್ನು ಗುರುತಿಸುತ್ತದೆ, ಆರೋಗ್ಯವಾಗಿರುವ ಹೊಲಗಳಲ್ಲಿ ನೂರಕ್ಕೆ 5ರಲ್ಲಿ ಮಾತ್ರ ಸುಳ್ಳೆಚ್ಚರಿಕೆ ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ 1,000 ಹೊಲಗಳನ್ನು ಪರೀಕ್ಷಿಸಿದಾಗ 20ರಲ್ಲಿ ಮಾತ್ರ ರೋಗವಿದೆಯೆಂದೂ ಊಹಿಸೋಣ. ಆ 20ರಲ್ಲಿ 19ನ್ನು ಯಂತ್ರ ಹಿಡಿಯಿತು. ಉಳಿದ 980ರ ಶೇಕಡಾ 5, ಅಂದರೆ 49 ಹೊಲಗಳಲ್ಲಿ ಸುಳ್ಳೆಚ್ಚರಿಕೆ. ಒಟ್ಟು 68 ಎಚ್ಚರಿಕೆಗಳಲ್ಲಿ ನಿಜವಾದವು 19! ಯಂತ್ರ ಕೆಟ್ಟದ್ದೇನೂ ಅಲ್ಲ. ರೋಗ ವಿರಳವಾಗಿರುವುದರಿಂದ ಲೆಕ್ಕವೇ ಹಾಗೆ. ಪಿ.ಯು.ಸಿ. ತರಗತಿಯ ಸಂಭವನೀಯತೆಯ ಪಾಠವನ್ನು ಬೇಸರದಿಂದ ಕೇಳಿದವರು ಇದನ್ನು ಮತ್ತೊಮ್ಮೆ ಗುಣಿಸಿ ನೋಡಬೇಕಾಗಿ ಕೋರುತ್ತೇವೆ.

49 ರೈತರು ಔಷಧಕ್ಕೂ ಆಳಿಗೂ ಸುಮ್ಮನೆ ಹಣ ತೆತ್ತರು. ಯಂತ್ರದ ಕಣ್ಣಿಗೆ ಬೀಳದ ಒಬ್ಬನು ಬೆಳೆಯನ್ನೇ ಕಳೆದುಕೊಂಡನು. ಎರಡು ತಪ್ಪುಗಳಲ್ಲಿ ಯಾವುದು ಹೆಚ್ಚು ದುಬಾರಿ? ಅದು ಸಾಲದ ಬಡ್ಡಿಯನ್ನೂ ಮಾರುಕಟ್ಟೆಯ ಧಾರಣೆಯನ್ನೂ ಬಲ್ಲ ಅರ್ಥಶಾಸ್ತ್ರಜ್ಞನ ಪ್ರಶ್ನೆ. ಮೊಬೈಲ್ ಯಾರ ಕೈಯಲ್ಲಿದೆ, ಕಳೆ ಕೀಳುವಾಗ ಮೊದಲ ಮಚ್ಚೆಯನ್ನು ಕಾಣುವ ಹೆಂಗಸರ ಕೈಯಲ್ಲಿದೆಯೆ ಎಂಬುದು ಸಮಾಜಶಾಸ್ತ್ರದ್ದು. ತಪ್ಪಿಗೆ ಹೊಣೆ ಯಾರೆಂಬುದು ನ್ಯಾಯಶಾಸ್ತ್ರದ್ದು. “ಮೂರು ದಿನ ತಡೆದು ನೋಡಿ” ಎಂಬ ಸಲಹೆಯನ್ನು ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವುದು ಭಾಷಾಶಾಸ್ತ್ರದ್ದು. ಇವರೆಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಮಾಡಬೇಕಾದ ಕೆಲಸಕ್ಕೆ ಅಂತರಶಿಸ್ತೀಯ ಸಂಶೋಧನೆಯೆಂದು ಹೆಸರು. ಹೆಸರು ದೊಡ್ಡದಾಯಿತು, ಹಣ ಮಾತ್ರ ಚಿಕ್ಕದು.

ಯಂತ್ರಬುದ್ಧಿಗೆ ನಮ್ಮಲ್ಲಿ ಸರ್ಕಾರದ ಹಣ ದೊರೆತುದು ಇಂದು ನಿನ್ನೆಯ ಮಾತಲ್ಲ. 1980ರ ದಶಕದ ನಡುವಿನಲ್ಲಿಯೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭವಾದ ರಾಷ್ಟ್ರೀಯ ಯೋಜನೆಯೊಂದರ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ದಿತು. 2024ರ ಮಾರ್ಚಿಯಲ್ಲಿ ಕೇಂದ್ರ ಸಂಪುಟವು ಕೃತಕ ಬುದ್ಧಿಮತ್ತೆಯ ಯೋಜನೆಯೊಂದಕ್ಕೆ 10,371.92 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇದರಲ್ಲಿ ಗಣಕಶಕ್ತಿಗೆ 4,563.36 ಕೋಟಿ, ಸುರಕ್ಷಿತವೂ ವಿಶ್ವಾಸಾರ್ಹವೂ ಆದ ಬಳಕೆಯ ವಿಭಾಗಕ್ಕೆ 20.46 ಕೋಟಿ. ನೂರು ರೂಪಾಯಿಗೆ ಲೆಕ್ಕ ಹಾಕಿದರೆ ಯಂತ್ರಗಳಿಗೆ 44 ರೂಪಾಯಿ, ವಿಶ್ವಾಸಕ್ಕೆ ಸುಮಾರು 20 ಪೈಸೆ. ಗಣಕಗಳ ಬೆಲೆ ಹೆಚ್ಚು, ನಿಜ. ಆದರೂ ಈ ಅಂತರ ನಮಗೆ ಸರಿಕಾಣುವುದಿಲ್ಲ.

ಹಣವಿದ್ದಲ್ಲಿಯೂ ಇನ್ನೊಂದು ತೊಡಕುಂಟು. ಸಂಶೋಧನೆಯ ಪ್ರಸ್ತಾವಗಳನ್ನು ಆಯಾ ಶಾಸ್ತ್ರದ ತಜ್ಞರು ತೂಗಿ ನೋಡುವುದು ರೂಢಿ. ಎರಡು ಮೂರು ಶಾಸ್ತ್ರಗಳಿಗೆ ಸೇರಿದ ಪ್ರಸ್ತಾವ ಯಾರ ತಕ್ಕಡಿಗೂ ಒಗ್ಗುವುದಿಲ್ಲ. ಆಸ್ಟ್ರೇಲಿಯದಲ್ಲಿ ಐದು ವರ್ಷಗಳ 18,000ಕ್ಕೂ ಹೆಚ್ಚು ಪ್ರಸ್ತಾವಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು, ಶಾಸ್ತ್ರಗಳ ಬೆರಕೆ ಹೆಚ್ಚಿದಷ್ಟೂ ಧನಸಹಾಯ ಸಿಗುವ ಸಂಭವ ಕಡಿಮೆಯೆಂದು ತೋರಿಸಿತು. ನಮ್ಮ ದೇಶದಲ್ಲಿ 2023ರ ಕಾಯಿದೆಯಿಂದ ಸ್ಥಾಪಿತವಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ವ್ಯಾಪ್ತಿಯಲ್ಲಿ, ಮಾನವಿಕ ಹಾಗೂ ಸಮಾಜ ವಿಜ್ಞಾನಗಳು ವಿಜ್ಞಾನ ತಂತ್ರಜ್ಞಾನಗಳೊಡನೆ ಕೂಡುವ ಎಡೆಗಳನ್ನೂ ಸೇರಿಸಿರುವುದು ಸಂತೋಷದ ವಿಷಯ.

ಇನ್ನು ನಮ್ಮ ಹಾಸನ. ಮೈಸೂರು ವಿಶ್ವವಿದ್ಯಾನಿಲಯದ ಹೇಮಗಂಗೋತ್ರಿಯನ್ನು ನೆಲೆಯಾಗಿಸಿಕೊಂಡು ಜಿಲ್ಲೆಗೆ ಸ್ವಂತ ವಿಶ್ವವಿದ್ಯಾನಿಲಯ ಬಂದುದು 2022-23ರಲ್ಲಿ. 2025ರ ಫೆಬ್ರವರಿಯಲ್ಲಿ ರಾಜ್ಯ ಸಂಪುಟದ ಉಪಸಮಿತಿಯು ಹಣದ ಅಭಾವದ ಕಾರಣದಿಂದ ಮುಚ್ಚಬಹುದೆಂದು ಸೂಚಿಸಿದ ಒಂಬತ್ತು ವಿಶ್ವವಿದ್ಯಾನಿಲಯಗಳಲ್ಲಿ ಹಾಸನದ್ದೂ ಒಂದು. ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ, ಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಸುತ್ತಲೂ ಆಲೂಗೆಡ್ಡೆಯ ಹೊಲಗಳಿವೆ. ಇವನ್ನೆಲ್ಲ ಒಂದುಗೂಡಿಸಿ ಕೆಲಸ ಮಾಡಿಸಲು ಬೇಕಾದುದು ಭಾರಿ ಗಣಕವಲ್ಲ. ಎರಡು ಮುಂಗಾರುಗಳ ಕಾಲ ನಾಲ್ಕಾರು ಸಂಶೋಧಕರ ವೇತನ, ಊರೂರು ತಿರುಗಲು ಬಸ್ಸಿನ ಖರ್ಚು, ಎಲೆಗಳ ರೋಗವನ್ನು ಪ್ರಯೋಗಶಾಲೆಯಲ್ಲಿ ದೃಢಪಡಿಸುವ ಖರ್ಚು.

ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರ ಇಷ್ಟೆ: ಯಂತ್ರದ ಮಾತನ್ನು ಕೇಳಲಿ, ಆದರೆ ಔಷಧ ಕೊಳ್ಳುವ ಮುನ್ನ ಎಲೆಯನ್ನು ಕಾರೆಕೆರೆಗೆ ಒಯ್ದು ತೋರಿಸಲಿ. ಯಂತ್ರ ಹೇಳಿದುದನ್ನೂ ಅಲ್ಲಿಯವರು ಹೇಳಿದುದನ್ನೂ ದಿನಾಂಕದೊಡನೆ ಎರಡು ಕಲಮುಗಳಲ್ಲಿ ಬರೆದಿಡಲು ತಿಳಿಸಿದೆವು. ಅವನು ಅದಕ್ಕಾಗಿ ನೋಟ್‌ಬುಕ್ಕೊಂದನ್ನು ಗೆರೆಯೆಳೆದು ಸಿದ್ಧಪಡಿಸಿಕೊಂಡಿದ್ದಾನೆ.